ಹೊಳಪು ನೋಡಿ ಹಳೆ ಆಕ್ಷನ್ ಕೊಳ್ಳಬೇಡಿ

ಮಳೆಗಾಲ ಕಳೆಯುತ್ತಿದ್ದಂತೆ ಅಮೆರಿಕದಲ್ಲಿರುವ ನಮ್ಮ ದಾವಣಗೆರೆ ಹುಡುಗರ ಫೋನು ಶುರುವಾಗುತ್ತದೆ. ಅಲ್ಲಿ ಜಿಂಕೆ ಬೇಟೆಯ ಕಾಲ. ಹಳೇ ಬೋಲ್ಟ್ ಆಕ್ಷನ್ ಒಂದನ್ನು (ಹಿಡಿಯಿರುವ ಅಗುಳಿಯಂಥ ಬೋಲ್ಟಿನಿಂದ ತೋಟಾ ತುಂಬಿ ಬಾಯಿ ಮುಚ್ಚುವ, ರೈಫಲಿನ ಯಂತ್ರಭಾಗ) ಕೊಂಡು, ಹೊಸ ನಳಿಗೆ ಕೂರಿಸಿ, ಹೆಗಲಿಗೆ ಆನಿಸುವ ಅಕ್ರೋಟು ಮರದ ಸ್ಟಾಕ್ ಹಾಕಿಸಿ ತನ್ನದೇ ಒಂದು ರೈಫಲ್ ಮಾಡಿಸಿಕೊಳ್ಳುವ ಆಸೆ ಎಲ್ಲರಿಗೂ. ಒಳ್ಳೆಯ ಆಸೆಯೇ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಈಗ ಬೇಟೆಯ ಮಾತೇ ಇಲ್ಲ, ಲೈಸೆನ್ಸ್ ಇಲ್ಲದೆ ಕೋವಿಗೆ ಕೈ ಹಚ್ಚುವುದೂ ಅಪರಾಧ. ನನ್ನ ಅಂಗಡಿಗೆ ಇರುವುದು ರಿಪೇರಿ ಲೈಸೆನ್ಸ್ ಮಾತ್ರ. ಹಾಗಾಗಿ ಇದನ್ನು ಅಲ್ಲಿಯ ಕಾನೂನಿನಡಿ ಮಾಡಿಸುವವರಿಗಾಗಿ ಬರೆಯುತ್ತಿದ್ದೇನೆ.

ಹೋದ ವರ್ಷ ಟೆಕ್ಸಾಸಿನಲ್ಲಿರುವ ಅಕ್ಕನ ಮಗ ಒಂದು ಫೋಟೋ ಕಳಿಸಿದ. 1909ರ ಅರ್ಜೆಂಟೀನಾ ಮಾದರಿ, ಜರ್ಮನಿಯಲ್ಲಿ ತಯಾರಾದ ಮೌಸರ್ 98. "ಮಾವ, ಕನ್ನಡಿ ಹಂಗೆ ಹೊಳಿತೈತಿ ನೋಡ್ರಿ" ಅಂದ. ಹೊಳೆಯುತ್ತಿತ್ತು, ನಿಜ. ರಿಸೀವರಿನ, ಅಂದರೆ ಬೋಲ್ಟ್ ಓಡಾಡುವ ಉಕ್ಕಿನ ಕವಚದ, ಮುಂಭಾಗದಲ್ಲಿ ಇರಬೇಕಾದ ಅರ್ಜೆಂಟೀನಾದ ಲಾಂಛನವೇ ಇರಲಿಲ್ಲ. ಯಾರೋ ಉಜ್ಜಿ ತೆಗೆದು, ಬಫ್ ಹೊಡೆದಿದ್ದರು. ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು.

ಯಾಕೆ ಅಂತ ಹೇಳುತ್ತೇನೆ, ಇದೊಂದನ್ನು ದಯವಿಟ್ಟು ನಿಧಾನವಾಗಿ ಓದಿ. ಹಳೇ ಮೌಸರಿನ ಉಕ್ಕು ಒಳಗೆ ಮೆತ್ತಗೆ, ಮೇಲ್ಪದರ ಮಾತ್ರ ಗಟ್ಟಿ. ಬೇಕೆಂದೇ ಹಾಗೆ ಮಾಡಿದ್ದು. ನಾನು ಹತ್ತಿ ಗಿರಣಿಯ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದಾಗ ಗೇರುಗಳಿಗೆ ನಾವೂ ಇದನ್ನೇ ಮಾಡುತ್ತಿದ್ದೆವು. ಕಬ್ಬಿಣದ ಪೆಟ್ಟಿಗೆಯಲ್ಲಿ ಇದ್ದಿಲು ಪುಡಿಯ ನಡುವೆ ಹೂತಿಟ್ಟು, ಗಂಟೆಗಟ್ಟಲೆ ಕೆಂಪಗೆ ಕಾಯಿಸಿ, ಆಮೇಲೆ ಎಣ್ಣೆಗೆ ಇಳಿಸುವುದು. ತಣ್ಣಗಾದ ಮೇಲೆ ಅರ ಇಟ್ಟರೆ ಕಚ್ಚುವುದಿಲ್ಲ, ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ಆ ಗಟ್ಟಿ ಪದರದ ದಪ್ಪ ಮಿಲಿಮೀಟರಿನ ಲೆಕ್ಕದಲ್ಲೂ ಅಲ್ಪವೇ. ಅದನ್ನು ಉಜ್ಜಿ ಹಾಕಿದರೆ ಕೆಳಗಿರುವುದು ಮೆತ್ತನೆಯ ಕಬ್ಬಿಣ. ಹೊರಗಡೆ ಲಾಂಛನ ಉಜ್ಜಿದ್ದೊಂದರಿಂದಲೇ ಅನಾಹುತ ಆಗುತ್ತದೆ ಎಂದು ಹೇಳುತ್ತಿಲ್ಲ. ಹೊರಗೆ ಇಷ್ಟು ಕೈ ಆಡಿಸಿದವನು ಒಳಗೆ ಲಗ್ಗುಗಳು (ಬೋಲ್ಟನ್ನು ಬಿಗಿಹಿಡಿಯುವ ಉಬ್ಬುಗಳು) ಕೂರುವ ಜಾಗವನ್ನು ಮುಟ್ಟದೆ ಬಿಟ್ಟಿದ್ದಾನೆಂದು ನಂಬುವುದು ಹೇಗೆ?

ತೋಟಾ ಸಿಡಿದಾಗ ಬೋಲ್ಟಿಗೆ ಬೀಳುವ ಒದೆತವನ್ನೆಲ್ಲ ಹೊರುವುದು ಬೋಲ್ಟಿನ ಮೂತಿಯಲ್ಲಿರುವ ಎರಡು ಲಗ್ಗುಗಳು. ಅವು ಆತುಕೊಳ್ಳುವ ಜಾಗ ಮೆತ್ತಗಿದ್ದರೆ ಒಂದೊಂದು ಗುಂಡಿಗೂ ಲಗ್ಗು ಕೂದಲೆಳೆಯಷ್ಟು ಹಿಂದೆ ಸರಿದು, ತನಗೊಂದು ಗುಳಿ ಮಾಡಿಕೊಳ್ಳುತ್ತದೆ. ಅಷ್ಟರಮಟ್ಟಿಗೆ ತೋಟಾದ ಹಿಂದೆ ಸಂದು ಬೀಳುತ್ತದೆ, ಹೆಡ್‌ಸ್ಪೇಸ್, ಅಂದರೆ ತೋಟಾ ಕೂರುವ ಜಾಗದ ಅಳತೆ, ಹೆಚ್ಚಾಗುತ್ತದೆ. ಕೊನೆಗೊಂದು ದಿನ ತೋಟಾದ ಹಿತ್ತಾಳೆ ಹರಿದು, ಬಿಸಿ ಗಾಳಿ ಮುಖದ ಕಡೆಗೆ ಬರುತ್ತದೆ. ಇದರ ಗುರುತು ಕೈಗೇ ಸಿಗುತ್ತದೆ. ತೋಟಾ ಹಾಕದೆ ಖಾಲಿ ಆಕ್ಷನ್ನಿನ ಬೋಲ್ಟ್ ಮುಚ್ಚಿ, ಹಿಡಿಯನ್ನು ಮೆಲ್ಲಗೆ ಮೇಲೆತ್ತಿ. ನಡುವೆ ಗುಳಿಯಿಂದ ಹತ್ತಿ ಬಂದಂತೆ ಒಂದು ತಡೆ ಸಿಕ್ಕರೆ, ಆ ಆಕ್ಷನ್ನನ್ನು ಅಲ್ಲೇ ಇಟ್ಟು ಬನ್ನಿ. ತಡೆ ಸಿಗದಿದ್ದರೆ ಎಲ್ಲ ಸರಿಯಿದೆ ಎಂದೂ ಅಲ್ಲ. ಗಡಸುತನ ಅಳೆಸಿ, ಹೆಡ್‌ಸ್ಪೇಸ್ ನೋಡುವ ಗೇಜ್ ಹಾಕಿಸಿ. ಫೋಟೋ ನೋಡಿ ನಾನು ಇಲ್ಲಿಂದ ಹೂಂ ಅನ್ನುವುದಿಲ್ಲ.

ಉಕ್ಕಿನ ಹದವನ್ನು ಕಣ್ಣಂದಾಜಿನಲ್ಲಿ ನೋಡಿ ದೊಡ್ಡ ಕಾರ್ಖಾನೆಗಳೇ ಏಟು ತಿಂದಿವೆ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ 1903 ರೈಫಲಿನ ಕಥೆ ಗೊತ್ತಿರಬೇಕು. ಕಾದ ಉಕ್ಕಿನ ಬಣ್ಣ ನೋಡಿಯೇ ಅಲ್ಲಿನ ಕೆಲಸಗಾರರು ಕಾವು ಹೇಳುತ್ತಿದ್ದರು. ಬಿಸಿಲಿದ್ದ ದಿನ ಕೆಂಪು ಮಂಕಾಗಿ ಕಾಣುತ್ತದೆ, ಅದಕ್ಕೆ ಇನ್ನಷ್ಟು ಕಾಯಿಸಿದರು. ಉಕ್ಕು ಸುಟ್ಟು ಪೆಡಸಾಯಿತು. ಕೆಲವು ರಿಸೀವರುಗಳು ಚೂರಾದವು. 1918ರಲ್ಲಿ ವಿಧಾನವನ್ನೇ ಬದಲಿಸಿದರು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದಾದರೆ 8,00,000ಕ್ಕಿಂತ ಕೆಳಗಿನ, ರಾಕ್ ಐಲ್ಯಾಂಡ್ ಕಾರ್ಖಾನೆಯದಾದರೆ 2,85,507ಕ್ಕಿಂತ ಕೆಳಗಿನ ಸರಣಿ ಸಂಖ್ಯೆ ಇದ್ದರೆ ಆ ರೈಫಲಿನಲ್ಲಿ ಗುಂಡು ಹಾರಿಸದೆ ಗೋಡೆಗೆ ತೂಗುಹಾಕಿ. ಚಿತ್ರದುರ್ಗದ ಕಡೆ ನಮ್ಮಜ್ಜನಿಗೆ ಕುಳ ಬಡಿದುಕೊಡುತ್ತಿದ್ದ ಕಮ್ಮಾರರು ಹದ ಹಾಕುವ ಕೆಲಸವನ್ನು ಯಾವತ್ತೂ ಕುಲುಮೆಯ ಕತ್ತಲ ಮೂಲೆಯಲ್ಲೇ ಮಾಡುತ್ತಿದ್ದರು. "ಬಿಸಿಲು ಕಣ್ಣಿಗೆ ಸುಳ್ಳು ಹೇಳ್ತೈತಿ ತಮ್ಮಾ" ಅನ್ನುತ್ತಿದ್ದರು. ತಿದಿ ಒತ್ತುತ್ತಾ ಕೂತಿದ್ದ ನನಗೆ ಆಗ ಅದು ಅರ್ಥವಾಗಿರಲಿಲ್ಲ.

ಹಾಗಾದರೆ ಯಾವುದು ಕೊಳ್ಳಬೇಕು ಅಂತ ಕೇಳುತ್ತೀರಿ. ಕೆಡದ ಮೌಸರ್ 98 ಸಿಕ್ಕರೆ ಅದೇ. ತೋಟಾವನ್ನು ಮೊದಲಿನಿಂದಲೇ ಹಿಡಿದು ಬರುವ ಅಗಲದ ಎಕ್ಸ್‌ಟ್ರಾಕ್ಟರ್ ಕೊಕ್ಕೆ, ಹಿಂದೆ ಮೂರನೆಯ ಲಗ್ಗು, ಬಿಸಿ ಗಾಳಿ ಪಕ್ಕಕ್ಕೆ ಹೋಗಲು ಬೋಲ್ಟಿನಲ್ಲಿ ತೂತುಗಳು. 1896ರ ಸ್ವೀಡಿಷ್ ಮೌಸರಿನ ಕೆಲಸ ಬೆಣ್ಣೆಯಂತೆ ನಯ, ನನಗೆ ತುಂಬ ಪ್ರೀತಿ. ಆದರೆ ಅದಕ್ಕೆ ಮೂರನೆಯ ಲಗ್ಗಿಲ್ಲ. ಅದರದೇ 6.5 ಮಿ.ಮೀ. ತೋಟಾಕ್ಕೆ ಬಿಡಿ, ಜೋರಿನ ತೋಟಾಕ್ಕೆ ಎಳೆಯಬೇಡಿ. ಲೀ ಎನ್‌ಫೀಲ್ಡ್ ರೈಫಲಿನ ಲಗ್ಗುಗಳು ಹಿಂದೆ ಇವೆ, ಅದಕ್ಕೂ ಅದೇ ಮಾತು.

ಇನ್ನೊಂದು ಹುಚ್ಚು, ಮಾಮೂಲಿ ಉದ್ದದ 98ಕ್ಕೆ .375 ಹಾಲೆಂಡ್ ಎಂಬ ದೊಡ್ಡ ತೋಟಾ ತುರುಕುವುದು. ತೋಟಾ ಉದ್ದ, ಜಾಗ ಸಾಲದು. ತೋಟಾ ನಳಿಗೆಯ ಕಡೆ ಏರಿ ಹೋಗುವ ಮುಂದಿನ ಇಳಿಜಾರನ್ನು ಕೊರೆಯುತ್ತಾರೆ. ಆ ಇಳಿಜಾರಿನ ಬೆನ್ನಿಗೇ ಕೆಳಗಿನ ಲಗ್ಗು ಆತುಕೊಂಡಿರುತ್ತದೆ. ಗೋಡೆಯ ಬುಡ ಬಗೆದು ಬಾಗಿಲು ಅಗಲ ಮಾಡಿದ ಹಾಗೆ. ಚೆನ್ನಾಗಿ ಮಾಡಿದವರೂ ಇದ್ದಾರೆ, ಆದರೆ ಅದು ಕೈ ಪಳಗಿದವರ ಕೆಲಸ. ಜಿಂಕೆಗೆ ಅಷ್ಟು ದೊಡ್ಡ ತೋಟಾ ಯಾಕೆ ಬೇಕು?

ಅಕ್ಕನ ಮಗ ಆ ಕನ್ನಡಿಯನ್ನು ಕೊಳ್ಳಲಿಲ್ಲ. ನಾಲ್ಕು ದಿನ ನನ್ನ ಮೇಲೆ ಮುನಿಸಿಕೊಂಡಿದ್ದ. ಆಮೇಲೆ ಇನ್ನೊಂದು ಸಿಕ್ಕಿತು, ಮೈಯೆಲ್ಲ ಕಂದು, ಲಾಂಛನ ಗೆರೆಗೆರೆಯಾಗಿ ಹಾಗೇ ಇದೆ. ಅಲ್ಲಿನ ಗನ್‌ಸ್ಮಿತ್ ಗಡಸುತನ ನೋಡಿ, .30-06 ತೋಟಾದ ನಳಿಗೆ ಕೂರಿಸಿದ್ದಾರೆ. ಮೊನ್ನೆ ರಾತ್ರಿ ವಿಡಿಯೋ ಬಂತು. ತೋಟಾಕ್ಕೆ ಜಾಗ ಸಾಕಷ್ಟಿದೆಯೇ ಎಂದು ನೋಡುವ ಗೋ ಗೇಜಿನ ಮೇಲೆ ಬೋಲ್ಟ್ ಸಲೀಸಾಗಿ ಮುಚ್ಚಿತು. ಜಾಗ ಹೆಚ್ಚಾಗಿದೆಯೇ ಎಂದು ನೋಡುವ ನೋ-ಗೋ ಗೇಜ್ ಇಟ್ಟಾಗ ಹಿಡಿ ಅರ್ಧಕ್ಕೇ ನಿಂತಿತು. "ಮಾವ, ಮುಚ್ಚವಲ್ದು" ಅಂದ ಗಾಬರಿಯಿಂದ. ಮುಚ್ಚಬಾರದಪ್ಪಾ, ಇನ್ನು ಸ್ಟಾಕಿನ ಮರ ಆರಿಸು ಅಂದೆ.