ಸಕ್ಯುಲೆಂಟ್ ಗಿಡದ ಬಿಳಿ ಹತ್ತಿಗೆ ಬೋರ್ಡೋ ಬಿಡಬಹುದೇ?

ಪ್ರಶ್ನೆ: ಸಿಟೌಟಿನ ಚಟ್ಟಿಗಳಲ್ಲಿರುವ, ದಪ್ಪ ಎಲೆಯ ಸಕ್ಯುಲೆಂಟ್ ಗಿಡಗಳ ಎಲೆಸಂದುಗಳಲ್ಲಿ ಹತ್ತಿಯಂತಹ ಬಿಳಿ ಬೂಷ್ಟು ಹಿಡಿದಿದೆ. ಅಡಿಕೆಗೆ ಸಿಂಪಡಿಸಿ ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತು, ಸುಣ್ಣಗಳ ಶಿಲೀಂಧ್ರನಾಶಕ) ಅದಕ್ಕೂ ಸಿಂಪಡಿಸಬಹುದೇ?

ಉತ್ತರ: ಸಿಂಪಡಿಸಬಾರದು. ನೀವು ನೋಡಿದ್ದು ಬೂಷ್ಟಲ್ಲ, ಹಿಟ್ಟು ತಿಗಣೆ ಎಂಬ ಕೀಟ. ಮುಂಗಾರಿನ ಮೊದಲು ತೋಟಕ್ಕೆ ಮದ್ದು ಬಿಟ್ಟಾಗುತ್ತಿದ್ದಂತೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮಂಜೇಶ್ವರಗಳಿಂದ ಇದೇ ಪ್ರಶ್ನೆ ಬರುತ್ತದೆ; ನಾನು ಇದೇ ಉತ್ತರ ಕೊಡುತ್ತೇನೆ; ಮರುವರ್ಷ ಅದೇ ಮನೆಗಳಿಂದ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಬೇಡ ಎಂದಷ್ಟೇ ಹೇಳಿದರೆ ಸಾಲದು ಎಂದು ಮನವರಿಕೆಯಾಗಿರುವುದರಿಂದ ಈ ಸಲ ಕಾರಣಗಳನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಗುರುತಿಸುವ ಕ್ರಮ. ಒಂದು ಕಡ್ಡಿಯಿಂದ ಆ ಬಿಳಿಯನ್ನು ಮೆಲ್ಲನೆ ಕೆದಕಿ ನೋಡಿರಿ. ಒಳಗೆ ಮೂರು ನಾಲ್ಕು ಮಿಲಿಮೀಟರ್ ಉದ್ದದ, ಅಡ್ಡಗೆರೆಗಳಿರುವ ಮೆದು ದೇಹ ಕಂಡರೆ, ಅದು ನಿಧಾನವಾಗಿ ಕಾಲು ಆಡಿಸಿದರೆ, ಅದು ತಿಗಣೆ. ಹತ್ತಿಯಂತೆ ಕಾಣುವುದು ಅದು ತಾನೇ ಸ್ರವಿಸುವ ಮೇಣ. ಹೆಣ್ಣು ನೂರಾರು ಮೊಟ್ಟೆಗಳನ್ನಿಡುವುದೂ ಅದೇ ಮೇಣದ ಚೀಲದಲ್ಲಿ. ಇದಕ್ಕೆ ಬದಲಾಗಿ ಎಚೆವೇರಿಯಾ, ಗ್ರಾಪ್ಟೊಪೆಟಲಮ್ ಎಂಬ ಸಕ್ಯುಲೆಂಟ್‌ಗಳ ಎಲೆಯ ಮೇಲೆ ಎಲ್ಲೆಡೆ ಸಮನಾಗಿ ಹರಡಿದ, ಬೆರಳು ತಾಗಿದರೆ ಅಳಿಸಿಹೋಗುವ ಬೂದಿ ಬಣ್ಣದ ಹುಡಿ ಇದ್ದರೆ ಅದು ರೋಗವೂ ಅಲ್ಲ, ಕೀಟವೂ ಅಲ್ಲ. ಬಿಸಿಲಿನಿಂದಲೂ ನೀರಿನಿಂದಲೂ ಕಾಪಾಡಿಕೊಳ್ಳಲು ಗಿಡವೇ ಮಾಡಿಕೊಂಡ ಮೇಣದ ಲೇಪ ಅದು. ಅದನ್ನು ಒರಸಬೇಡಿರಿ, ಒರಸಿದ ಎಲೆಗೆ ಅದು ಮತ್ತೆ ಬರುವುದಿಲ್ಲ, ಹೊಸ ಎಲೆಗಳಿಗಷ್ಟೇ ಬರುತ್ತದೆ.

ಇನ್ನು ಬೋರ್ಡೋ ವಿಚಾರ. ನಮ್ಮ ಕಡೆ ಇದರ ಮೇಲಿರುವ ನಂಬಿಕೆಗೆ ಕಾರಣವಿಲ್ಲದೆ ಇಲ್ಲ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ 1885ರ ಹೊತ್ತಿಗೆ ಮಿಲಾರ್ಡೆ ಎಂಬ ವಿಜ್ಞಾನಿ ದ್ರಾಕ್ಷಿಯ ಬೂಜುರೋಗಕ್ಕೆ ಬಳಸಿ ತೋರಿಸಿದ ಈ ಮಿಶ್ರಣವನ್ನು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗಕ್ಕೆ ಅಳವಡಿಸಿದರು. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಇಲ್ಲಿ ಯಾವ ಕೃಷಿಕನಿಗೂ ಹೇಳಿಕೊಡಬೇಕಾಗಿಲ್ಲ. ತಲೆತಲಾಂತರದಿಂದ ಬೆಳೆ ಉಳಿಸಿಕೊಟ್ಟ ಮದ್ದು ಚಟ್ಟಿಯ ಗಿಡವನ್ನೂ ಉಳಿಸೀತು ಎಂದು ಭಾವಿಸುವುದು ಸಹಜವೇ. ಆದರೆ ಅದು ತಪ್ಪು.

ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಕಾಯಿಯ ಮೇಲ್ಮೈಯಲ್ಲಿ ಮೊಳೆಯುವ ಸೂಕ್ಷ್ಮಜೀವಿ. ಬೋರ್ಡೋದ ತಾಮ್ರ ಅದೇ ಮೇಲ್ಮೈಯಲ್ಲಿ ಅಂಟಿಕೊಂಡಿದ್ದು, ಬೀಜಾಣು ಮೊಳೆಯದಂತೆ ತಡೆಯುತ್ತದೆ. ಅದರ ಶಕ್ತಿ ಇರುವುದು ಅಷ್ಟರಲ್ಲೇ. ಹಿಟ್ಟು ತಿಗಣೆಯಾದರೋ ಸೂಜಿಯಂತಹ ಬಾಯಿಯನ್ನು ಎಲೆಯ ಒಳಕ್ಕಿಳಿಸಿ ರಸ ಹೀರುತ್ತದೆ. ಹೊರಗಿನ ತಾಮ್ರ ಅದರ ಹೊಟ್ಟೆಗೆ ಹೋಗುವುದೇ ಇಲ್ಲ. ನಾವು ಮೈಗೆ ಪೌಡರು ಹಚ್ಚಿಕೊಂಡರೆ ನಮ್ಮ ರಕ್ತ ಕುಡಿದ ಸೊಳ್ಳೆ ಸಾಯುವುದಿಲ್ಲವಷ್ಟೆ. ಮೇಲಾಗಿ ತಿಗಣೆಯ ಮೇಣ ನೀರನ್ನು ಹತ್ತಿರಕ್ಕೇ ಬಿಡುವುದಿಲ್ಲ.

"ಹೋದ ವರ್ಷ ಬಿಟ್ಟಾಗ ಕಡಿಮೆಯಾಗಿತ್ತಲ್ಲ" ಎಂದು ಕೇಳುವವರಿದ್ದಾರೆ. ಕಡಿಮೆಯಾದದ್ದು ಪಂಪಿನ ರಭಸಕ್ಕೆ ಕೆಲವು ತಿಗಣೆಗಳು ತೊಳೆದುಹೋದುದರಿಂದ. ಬರೀ ನೀರು ಹೊಡೆದಿದ್ದರೂ ಅಷ್ಟೇ ಆಗುತ್ತಿತ್ತು. ಉಳಿದವು ನೀಲಿ ಬಿಳಿ ಕಲೆಗಳ ನಡುವೆ ಕಣ್ಣಿಗೆ ಬೀಳಲಿಲ್ಲ. ಉಳಿದ ದ್ರಾವಣವಂತೂ ಮರುದಿನಕ್ಕೆ ತನ್ನ ಗುಣವನ್ನೇ ಕಳೆದುಕೊಂಡಿರುತ್ತದೆ. ಅದನ್ನು ತಯಾರಿಸಿದ ದಿನವೇ ಬಳಸಬೇಕೆಂಬುದು ನಿಮಗೆ ಗೊತ್ತೇ ಇದೆ. ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು: ಮಳೆಗಾಲದ ತೇವದಲ್ಲಿ ಹಿಟ್ಟು ತಿಗಣೆಗೂ ಅದರಂತೆಯೇ ರಸ ಹೀರುವ ಶಲ್ಕ ಕೀಟಗಳಿಗೂ ತಗಲಿ ಅವುಗಳನ್ನು ಕೊಲ್ಲುವ ಶಿಲೀಂಧ್ರಗಳಿವೆ. ಶಿಲೀಂಧ್ರನಾಶಕವನ್ನು ಸಿಂಪಡಿಸಿದಾಗ ಸಾಯುವುದು ನಮ್ಮ ಪರವಾಗಿ ದುಡಿಯುತ್ತಿರುವ ಇವು. ಹೀಗೆ ತಾಮ್ರದ ಸಿಂಪಡಣೆಯ ಬಳಿಕ ಶಲ್ಕ ಕೀಟ ಹೆಚ್ಚಾದುದನ್ನು ಕಿತ್ತಳೆ ಜಾತಿಯ ತೋಟಗಳಲ್ಲಿ ವಿಜ್ಞಾನಿಗಳು ಗುರುತಿಸಿದ್ದಾರೆ. ಅಂದರೆ ಬೋರ್ಡೋ ನಿಷ್ಪ್ರಯೋಜಕವಷ್ಟೇ ಅಲ್ಲ, ಕೀಟಕ್ಕೆ ಸಹಾಯವನ್ನೂ ಮಾಡಬಹುದು.

ಹಾಗಾದರೆ ಮಾಡಬೇಕಾದದ್ದೇನು? ಕೀಟ ಹಿಡಿದ ಚಟ್ಟಿಯನ್ನು ಉಳಿದವುಗಳಿಂದ ದೂರವಿಡಿರಿ. ಔಷಧದಂಗಡಿಯಲ್ಲಿ ಸಿಗುವ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲನ್ನು ಕಿವಿಗೆ ಬಳಸುವ ಹತ್ತಿಕಡ್ಡಿಯಲ್ಲಿ ಅದ್ದಿ, ಎಲೆಗೆ ಬಳಿಯದೆ, ತಿಗಣೆಗೆ ಮಾತ್ರ ತಾಗಿಸಿರಿ. ಮೇಣ ಕರಗಿ ಅದು ಕೂಡಲೇ ಸಾಯುತ್ತದೆ. ಕೀಟ ಹೆಚ್ಚಾಗಿದ್ದರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯುವಷ್ಟೇ ದ್ರವ ಸಾಬೂನು ಸೇರಿಸಿ, ಮೊದಲು ಒಂದೆರಡು ಎಲೆಗಳ ಮೇಲೆ ಪರೀಕ್ಷಿಸಿ, ಸಂಜೆಯ ಹೊತ್ತಿಗೆ ಸಿಂಪಡಿಸಬಹುದು. ಎಣ್ಣೆ ತಾಗಿದ ಎಲೆ ಬಿಸಿಲಿಗೆ ಸುಡುತ್ತದೆ. ಬೂದಿ ಲೇಪವಿರುವ ಗಿಡಗಳಿಗೆ ಎಣ್ಣೆ ಬೇಡವೇ ಬೇಡ. ಮೊಟ್ಟೆಗಳು ಒಂದೇ ಸಲಕ್ಕೆ ಸಾಯುವುದಿಲ್ಲವಾದ್ದರಿಂದ ವಾರಕ್ಕೊಮ್ಮೆಯಂತೆ ಕನಿಷ್ಠ ನಾಲ್ಕು ವಾರ ಇದನ್ನು ಮುಂದುವರಿಸಬೇಕು. ಹೆಚ್ಚಿನವರು ಸೋಲುವುದು ಇಲ್ಲಿಯೇ.

ಮೇಲೆ ಏನೂ ಕಾಣದೆ ಗಿಡ ಸೊರಗುತ್ತಿದ್ದರೆ ಚಟ್ಟಿಯಿಂದ ಕಿತ್ತು ಬೇರನ್ನು ನೋಡಿರಿ. ಬೇರಿನಲ್ಲಿಯೂ ಚಟ್ಟಿಯ ಒಳಮೈಯಲ್ಲಿಯೂ ಬಿಳಿ ಹುಡಿ ಕಂಡರೆ ಅದು ಬೇರಿನ ಹಿಟ್ಟು ತಿಗಣೆ. ಮಣ್ಣನ್ನು ಪೂರ್ತಿ ತೊಳೆದು, ಬೇರನ್ನು ನೆರಳಿನಲ್ಲಿ ಕೆಲವು ದಿನ ಒಣಗಿಸಿ, ಹೊಸ ಮಿಶ್ರಣದಲ್ಲಿ ನೆಡಬೇಕು. ಆಟಿಯ (ಜುಲೈ–ಆಗಸ್ಟ್ ನಡುವಿನ ತುಳು ತಿಂಗಳು) ಮಳೆಯಲ್ಲಿ ಬೇರು ಒಣಗುವುದು ಕಷ್ಟ, ಆದ್ದರಿಂದ ಇದನ್ನು ಫ್ಯಾನಿನ ಗಾಳಿ ಸಿಗುವಲ್ಲಿ ಮಾಡಿರಿ. ಬೇಸಗೆಯಲ್ಲಿ ಚಿಗುರಿನ ಬಳಿ ಕಂದು ತುಕ್ಕಿನಂತಹ ಕಲೆಯೂ ತೆಳುವಾದ ಬಲೆಯೂ ಕಂಡರೆ ಅದು ನುಸಿ. ನೀರಿನಿಂದ ತೊಳೆಯುವುದು ಅದಕ್ಕೆ ಮೊದಲ ಚಿಕಿತ್ಸೆ.

ಕೃಷಿ ಭವನದವರಲ್ಲಿ ಕೇಳಿ ಬಲವಾದ ವಿಷವನ್ನೇ ತರಬಹುದಲ್ಲವೇ ಎಂದು ಕೆಲವರು ಬರೆಯುತ್ತಾರೆ. 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕವನ್ನು ಸುರಿದ ಜಿಲ್ಲೆಯಲ್ಲಿ ಕುಳಿತು, ಮಕ್ಕಳು ಆಡುವ ಸಿಟೌಟಿನ ನಾಲ್ಕು ಚಟ್ಟಿಗಳಿಗೆ ಅಂತಹ ಸಲಹೆಯನ್ನು ನಾನು ಕೊಡಲಾರೆ. ಅದರ ಅಗತ್ಯವೂ ಇಲ್ಲ.

ಯಾರೂ ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯವಿದೆ. ತಿಗಣೆಗಳ ನಡುವೆ ಕೆಲವೊಮ್ಮೆ ಅವುಗಳಿಗಿಂತ ಎರಡು ಮೂರು ಪಟ್ಟು ದೊಡ್ಡದಾದ, ಉದ್ದುದ್ದ ಬಿಳಿ ಮೇಣದ ಎಳೆಗಳಿರುವ, ಚುರುಕಾಗಿ ಓಡಾಡುವ ಹುಳುಗಳು ಕಾಣುತ್ತವೆ. ಇವನ್ನು ತಿಗಣೆಗಳ ತಾಯಿ ಎಂದು ತಿಳಿದು ಮೊದಲು ಹಿಸುಕುವವರೇ ಹೆಚ್ಚು. ಇವು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳದ ಮರಿಗಳು; ಹಿಟ್ಟು ತಿಗಣೆಯೇ ಇವುಗಳ ಆಹಾರ. ಕಾಫಿಯ ಹಸುರು ಶಲ್ಕ ಕೀಟವನ್ನು ಹತೋಟಿಗೆ ತರಲೆಂದು 1898ರಲ್ಲಿ ಆಸ್ಟ್ರೇಲಿಯದಿಂದ ಭಾರತಕ್ಕೆ ತಂದ ಈ ಹುಳ ಇಲ್ಲಿಯೇ ನೆಲೆನಿಂತಿದೆ. ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಸುತ್ತಲಿನ ರಾಜ್ಯಗಳಿಗೆ ಹರಡಿದಾಗಲೂ ಅದನ್ನು ಹತೋಟಿಗೆ ತಂದದ್ದು ವಿಷವಲ್ಲ, 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿದ ಸಣ್ಣ ಪರಾವಲಂಬಿ ಕಣಜ. ಇರುವೆಗಳು ತಿಗಣೆ ಸುರಿಸುವ ಸಿಹಿರಸದ ಆಸೆಯಿಂದ ಇಂತಹ ಮಿತ್ರಕೀಟಗಳನ್ನು ಓಡಿಸುತ್ತವೆ. ಆದ್ದರಿಂದ ಗುಲಗಂಜಿ ಮರಿಗಳು ಕಂಡ ಚಟ್ಟಿಗೆ ಆಲ್ಕೊಹಾಲನ್ನೂ ಬೇವಿನೆಣ್ಣೆಯನ್ನೂ ತಾಗಿಸದೆ, ಅದನ್ನಿಟ್ಟ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿರಿಸಿ, ಎರಡು ವಾರ ಹಾಗೆಯೇ ಬಿಡಿರಿ. ಸೊಳ್ಳೆ ಮೊಟ್ಟೆಯಿಡದಂತೆ ಆ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಿರಿ.