ಶಿಕೋಕುವಿನ ಮಂದಿರಗಳು ಮತ್ತು 1868ರ ವಿಭಜನೆ

ಜಪಾನಿನ ಹಳ್ಳಿಗಾಡಿನ ಬೌದ್ಧ ಮಂದಿರಗಳ ಅಭ್ಯಾಸವನ್ನು ಶಿಕೋಕು ದ್ವೀಪದಿಂದ ಆರಂಭಿಸುವುದು ಉತ್ತಮ. ಅಲ್ಲಿನ 88 ಮಂದಿರಗಳ ಯಾತ್ರೆ ತೊಕುಶಿಮಾದ ರ್ಯೋಝೆಂಜಿಯಲ್ಲಿ ಶುರುವಾಗಿ, ಕೊಚಿ ಮತ್ತು ಎಹಿಮೆಗಳನ್ನು ಹಾದು, ಸುಮಾರು 1,200 ಕಿಲೋಮೀಟರ್ ಸುತ್ತಿ, ಕಗಾವಾದ ಓಕುಬೋಜಿಯಲ್ಲಿ ಮುಗಿಯುತ್ತದೆ. ಇದರ ಕೇಂದ್ರದಲ್ಲಿರುವವರು ಇದೇ ದ್ವೀಪದಲ್ಲಿ 774ರಲ್ಲಿ ಹುಟ್ಟಿ, 804ರಲ್ಲಿ ಚೀನಾಕ್ಕೆ ತೆರಳಿ, ಅಲ್ಲಿ ಕಲಿತ ಮಂತ್ರಯಾನವನ್ನು ಶಿಂಗೋನ್ ಪಂಥವಾಗಿ ನೆಲೆಗೊಳಿಸಿದ ಕೂಕಾಯ್. ಭಕ್ತರು ಅವರನ್ನು ಕೋಬೋ ದಾಯ್ಶಿ ಎಂದು ಕರೆಯುತ್ತಾರೆ.

ಪ್ರತಿ ಮಂದಿರದಲ್ಲೂ ಎರಡು ಕಡೆ ಪೂಜೆ ಸಲ್ಲಬೇಕು: ಮೊದಲು ಮೂಲಮೂರ್ತಿಯಿರುವ ಹೊಂದೋ, ಆಮೇಲೆ ಕೂಕಾಯ್ ಅವರ ದಾಯ್ಶಿದೋ. ಹೆಬ್ಬಾಗಿಲಲ್ಲಿ ತಲೆಬಾಗಿ, ನೀರಿನ ತೊಟ್ಟಿಯಲ್ಲಿ ಕೈಬಾಯಿ ತೊಳೆದು, ಒಂದು ಮೇಣದ ಬತ್ತಿ, ಮೂರು ಊದುಬತ್ತಿ ಹಚ್ಚಿ, ಹೆಸರು ಬರೆದ ಚೀಟಿಯನ್ನು ಪೆಟ್ಟಿಗೆಗೆ ಹಾಕಿ, ಹೃದಯಸೂತ್ರವನ್ನು ಪಠಿಸುವುದು ಕ್ರಮ. ಇಲ್ಲಿ ಚಪ್ಪಾಳೆ ತಟ್ಟಬಾರದು. ಎರಡು ಬಾರಿ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಜಪಾನಿನ ಸ್ಥಳೀಯ ಧರ್ಮವಾದ ಶಿಂಟೋದ ಗುಡಿಗಳ ರೀತಿ.

ಈ ವ್ಯತ್ಯಾಸವನ್ನು ಕಂಠಪಾಠ ಮಾಡಿಕೊಂಡು ಎರಡು ಧರ್ಮಗಳೂ ಸದಾ ಬೇರೆಬೇರೆಯಾಗಿಯೇ ಇದ್ದವೆಂದು ಭಾವಿಸಿದರೆ ಇತಿಹಾಸವೇ ಕೈತಪ್ಪಿಹೋಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಶತಮಾನಗಳ ಕಾಲ ಸ್ಥಳೀಯ ದೇವತೆಗಳನ್ನು ಬುದ್ಧರ, ಬೋಧಿಸತ್ವರ ಅವತಾರಗಳೆಂದೇ ಜನ ಪೂಜಿಸಿದ್ದರು. 1868ರಲ್ಲಿ ಮೇಜಿ ಸರ್ಕಾರ ಎರಡನ್ನೂ ಪ್ರತ್ಯೇಕಿಸಲು ಆಜ್ಞೆ ಹೊರಡಿಸಿತು. ಅದರ ಪರಿಣಾಮವನ್ನು ಕಗಾವಾದ ಕನ್ನೋಂಜಿ ಊರಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಲ್ಲಿನ ಗುಡ್ಡದ ಮೇಲಿನ ಕೊತೊಹಿಕಿ ಹಚಿಮನ್ ಗುಡಿಯೇ ಮೊದಲು 68ನೆಯ ಯಾತ್ರಾಸ್ಥಳವಾಗಿತ್ತು. ಹಚಿಮನ್ ದೇವರ ಮೂಲರೂಪವೆಂದು ಅಲ್ಲಿ ಅಮಿತಾಭ ಬುದ್ಧನನ್ನು ಆರಾಧಿಸುತ್ತಿದ್ದರು. ಆಜ್ಞೆಯ ನಂತರ ಆ ಅಮಿತಾಭನನ್ನು ಗುಡ್ಡದ ಬುಡದಲ್ಲಿದ್ದ 69ನೆಯ ಕನ್ನೋಂಜಿ ಮಂದಿರದ ಆವರಣಕ್ಕೆ ಇಳಿಸಿದರು. ಹೀಗಾಗಿ ಆ ಅಮಿತಾಭನ ಮಂದಿರವಾದ 68ನೆಯ ಜಿನ್ನೆಇನ್ ಮತ್ತು 69ನೆಯ ಕನ್ನೋಂಜಿ ಇಂದು ಒಂದೇ ಆವರಣದಲ್ಲಿವೆ. ಕೊಚಿಯಲ್ಲಿ, ತೊಸಾ ಗುಡಿಯ ಪಕ್ಕದ ಝೆನ್ರಕುಜಿ ಇದೇ ಕಾರಣಕ್ಕೆ ಮುಚ್ಚಿ, ಮೂರ್ತಿ ಆನ್ರಕುಜಿಗೆ ಹೋಯಿತು. ಮುಂದೆ ಝೆನ್ರಕುಜಿ ಮತ್ತೆ ತೆರೆದಾಗ ಯಾತ್ರೆಯ 30ನೆಯ ಸ್ಥಾನ ಇವೆರಡರಲ್ಲಿ ಯಾವುದಕ್ಕೆ ಸೇರಬೇಕೆಂಬ ಗೊಂದಲ 1994ರವರೆಗೂ ಉಳಿದಿತ್ತು.

ಪೂಜೆಯಾದ ಮೇಲೆ ಯಾತ್ರಿಕರು ತಮ್ಮ ನೋಕ್ಯೋಚೋ ಪುಸ್ತಕವನ್ನು ಕಚೇರಿಯಲ್ಲಿ ಒಪ್ಪಿಸುತ್ತಾರೆ. ಅಲ್ಲಿ ಕುಂಚದಿಂದ ಮಂದಿರದ ಹೆಸರು ಬರೆದು, ಕೆಂಪು ಮುದ್ರೆಗಳನ್ನು ಒತ್ತುತ್ತಾರೆ. ಇದನ್ನು ಕೇವಲ ನೆನಪಿನ ಮುದ್ರೆಯೆಂದು ಎಣಿಸಬಾರದು. ಸೂತ್ರ ಪಠಿಸಿದ್ದಕ್ಕೆ ಸಿಗುವ ಗುರುತು ಅದು. ಈ ಪುಟಗಳಲ್ಲಿ ಮೂಲಮೂರ್ತಿಯ ಬೀಜಾಕ್ಷರ ಸಿದ್ಧಂ ಲಿಪಿಯಲ್ಲಿರುತ್ತದೆ. ಕನ್ನಡ ಲಿಪಿಯಂತೆ ಸಿದ್ಧಂ ಕೂಡ ಬ್ರಾಹ್ಮಿಯಿಂದಲೇ ಬೆಳೆದು ಬಂದದ್ದು. ಅಮಿತಾಭನ ಬೀಜಾಕ್ಷರ ‘ಹ್ರೀಃ’. ಅಲ್ಲಿಯವರ ನಾಲಗೆಯಲ್ಲಿ ಅದು ‘ಕಿರಿಕು’. ಕನ್ನೋಂಜಿಯ ಅವಲೋಕಿತೇಶ್ವರನದು ‘ಸ’. ಎರಡೂ ಮಂದಿರಗಳ ಮುದ್ರೆ ಒಂದೇ ಕಚೇರಿಯಲ್ಲಿ ದೊರೆಯುತ್ತದೆ. ಆದರೆ ಕಚೇರಿ ಸಂಜೆ 5ಕ್ಕೆ ಮುಚ್ಚುವುದರಿಂದ, ಎರಡು ಹೊಂದೋ, ಎರಡು ದಾಯ್ಶಿದೋ, ಹೀಗೆ ನಾಲ್ಕೂ ಕಡೆಯ ಪೂಜೆಗೆ ಸಮಯ ಸಾಕಾಗುವಂತೆ ಮಧ್ಯಾಹ್ನವೇ ಅಲ್ಲಿಗೆ ತಲುಪುವುದು ಒಳಿತು.