ಯಾವ ಹೆಸರಿನಲ್ಲಿ ಹುಡುಕಿಸಿದಿರಿ?

ಡೇಕೇರ್ ನಡೆಸುವವರು ಹೊಸ ಸಿಬ್ಬಂದಿಯ ಫೈಲ್ ತೆರೆದು, ‘ಪೊಲೀಸ್ ವೆರಿಫಿಕೇಷನ್ ಕ್ಲಿಯರ್ ಬಂದಿದೆ’ ಎಂದು ನಿಶ್ಚಿಂತೆಯಿಂದ ಕಾಗದ ತೋರಿಸುತ್ತಾರೆ. ಯಾವ ಹೆಸರಿನಲ್ಲಿ, ಯಾವ ಯಾವ ಊರುಗಳಲ್ಲಿ ಹುಡುಕಿಸಿದಿರಿ ಎಂದು ಕೇಳಿದರೆ ಮಾತಿಲ್ಲ. ‘ದಾಖಲೆ ಇಲ್ಲ’ ಎಂದರೆ, ನೀವು ಕೊಟ್ಟ ಹೆಸರಿಗೆ, ಹುಡುಕಿದ ಕಡತಗಳಲ್ಲಿ, ಆ ತಾರೀಖಿನವರೆಗೆ ಏನೂ ಸಿಗಲಿಲ್ಲ ಎಂದಷ್ಟೇ. ಆ ವ್ಯಕ್ತಿ ಒಳ್ಳೆಯವನೆಂದು ಆ ಕಾಗದ ಎಲ್ಲೂ ಹೇಳುವುದಿಲ್ಲ.

2002ರಲ್ಲಿ ಇಂಗ್ಲೆಂಡಿನ ಸೋಹಮ್‌ನಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಕೊಂದ ಇಯಾನ್ ಹಂಟ್ಲಿ ಅಲ್ಲಿನ ಶಾಲೆಯೊಂದರ ಕಟ್ಟಡ ನೋಡಿಕೊಳ್ಳುವ ಕೇರ್‌ಟೇಕರ್ ಆಗಿದ್ದ. ಕೆಲಸಕ್ಕೆ ಸೇರುವಾಗ ನಿಕ್ಸನ್ ಎಂಬ ಹೆಸರು ಬಳಸಿದ್ದ. ಪೊಲೀಸ್ ಕಂಪ್ಯೂಟರಿನಲ್ಲಿ ನಿಕ್ಸನ್ ಎಂದು ಹುಡುಕಿದರು, ಹಂಟ್ಲಿ ಎಂದು ಹುಡುಕಲಿಲ್ಲ. ಅವನ ಮೇಲೆ ಹಿಂದೆ ಲೈಂಗಿಕ ಅಪರಾಧದ ದೂರುಗಳು ಬಂದಿದ್ದರೂ ಒಂದರಲ್ಲೂ ಶಿಕ್ಷೆಯಾಗಿರಲಿಲ್ಲ. ಶಿಕ್ಷೆಯ ಪಟ್ಟಿಯೊಂದನ್ನೇ ನಂಬಿದರೆ ಇಂಥವರು ಸಿಗುವುದೇ ಇಲ್ಲ.

ಆದ್ದರಿಂದ ಅರ್ಜಿಯಲ್ಲಿ ಇಂದಿನ ಹೆಸರಿನ ಜೊತೆಗೆ ಮದುವೆಗೆ ಮುಂಚಿನ ಹೆಸರು, ಬದಲಿಸಿಕೊಂಡ ಹೆಸರು, ಇನಿಷಿಯಲ್ ಬಿಡಿಸಿದ ರೂಪ, ಬೇರೆ ಬೇರೆ ಸ್ಪೆಲಿಂಗ್ ಎಲ್ಲವನ್ನೂ ಬರೆಸಿ. ಮೂಲ ಗುರುತಿನ ಚೀಟಿ ಕೈಯಲ್ಲಿ ಹಿಡಿದು ಒಂದೊಂದಾಗಿ ತಾಳೆ ನೋಡಿ. ಹಿಂದಿನ ಐದು ವರ್ಷದ ವಿಳಾಸಗಳನ್ನು ತಿಂಗಳ ಲೆಕ್ಕದಲ್ಲಿ ಬರೆಸಿ. ನಡುವೆ ನಾಲ್ಕು ತಿಂಗಳು ಬಿಟ್ಟುಹೋಗಿದ್ದರೆ ಎಲ್ಲಿದ್ದರೆಂದು ಕೇಳಿ. ಅಮೆರಿಕದ 2014ರ ಶಿಶುಪಾಲನಾ ಕಾನೂನು ಐದು ವರ್ಷದಲ್ಲಿ ಆ ವ್ಯಕ್ತಿ ವಾಸಿಸಿದ ಪ್ರತಿಯೊಂದು ರಾಜ್ಯದ ಅಪರಾಧ ದಾಖಲೆ, ಲೈಂಗಿಕ ಅಪರಾಧಿಗಳ ಪಟ್ಟಿ, ಮಕ್ಕಳ ದೌರ್ಜನ್ಯದ ದಾಖಲೆಗಳನ್ನು ನೋಡಬೇಕೆನ್ನುತ್ತದೆ. ಪರಿಶೀಲನೆ ಕನಿಷ್ಠ ಐದು ವರ್ಷಕ್ಕೊಮ್ಮೆ ಮತ್ತೆ ಆಗಬೇಕು. ನಿಮ್ಮಲ್ಲಿನ ನಿಯಮ ಬೇರೆ ಇರಬಹುದು, ಸ್ಥಳೀಯ ಪರವಾನಗಿ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ.

ಹೆಸರು ಬದಲಾದರೂ ಬೆರಳಚ್ಚು ಬದಲಾಗದು. ಆದರೆ ಅದರಲ್ಲೂ ಒಂದು ಗೊಂದಲವಿದೆ. ವಯಸ್ಸಾದವರ, ದಿನವಿಡೀ ನೀರಿನಲ್ಲಿ ಕೈಯಾಡಿಸುವ ಅಡುಗೆಯವರ ಬೆರಳಿನ ಗೆರೆಗಳು ಸವೆದು ಅಚ್ಚು ಅಸ್ಪಷ್ಟವಾಗಿ ವಾಪಸ್ ಬರುತ್ತದೆ. ‘ಏನೂ ಸಿಗಲಿಲ್ಲವಂತೆ’ ಎಂದು ಅದನ್ನೇ ಕ್ಲಿಯರ್ ಅಂದುಕೊಳ್ಳುವವರಿದ್ದಾರೆ. ಓದಲಾಗದ ಅಚ್ಚಿನಿಂದ ಪರಿಶೀಲನೆ ನಡೆದೇ ಇಲ್ಲ. ಕೆಲವು ದಿನ ಕೈಗೆ ಲೋಷನ್ ಹಚ್ಚಿಸಿ, ಅಚ್ಚು ಕೊಡುವ ಹೊತ್ತಿಗೆ ಕೈ ತೊಳೆದು ಒರೆಸಿಸಿ. ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬೆರಳು ಉರುಳಿಸಿ ಮತ್ತೆ ತೆಗೆಸಿ.

ಅಡುಗೆಯವರು, ವ್ಯಾನ್ ಚಾಲಕರು, ಎರಡು ದಿನಕ್ಕೆ ಬಂದ ಬದಲಿ ಸಿಬ್ಬಂದಿ, ಮನೆಯಲ್ಲೇ ಡೇಕೇರ್ ಇದ್ದರೆ ಆ ಮನೆಯ ವಯಸ್ಕರು, ಮಗುವಿನ ಜೊತೆ ಒಂಟಿಯಾಗಿ ಇರಬಹುದಾದ ಎಲ್ಲರಿಗೂ ಇದು ಅನ್ವಯ. ಹಿಂದಿನ ಕೆಲಸದ ಜಾಗಕ್ಕೂ ಫೋನ್ ಮಾಡಿ. ಅಭ್ಯರ್ಥಿ ಕೊಟ್ಟ ನಂಬರಿಗಲ್ಲ, ಆ ಸಂಸ್ಥೆಯದೆಂದು ನೀವೇ ಹುಡುಕಿದ ನಂಬರಿಗೆ. ‘ಇವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ?’ ಎಂದು ಕೇಳಿ, ಉತ್ತರ ಕೊಡುವ ಮುಂಚೆ ಅವರು ಎಷ್ಟು ಹೊತ್ತು ಸುಮ್ಮನಿದ್ದರೆಂಬುದನ್ನೂ ಗಮನಿಸಿ. ಎಲ್ಲ ಫಲಿತಾಂಶ ಕೈಸೇರುವವರೆಗೆ ಹೊಸಬರನ್ನು ಪರಿಶೀಲನೆ ಮುಗಿದ ಇನ್ನೊಬ್ಬರ ಕಣ್ಣೆದುರಿನಲ್ಲೇ ಇರಿಸಿ, ಡೈಪರ್ ಬದಲಿಸುವ ಆ ಎರಡು ನಿಮಿಷವೂ ಸೇರಿ.